ಕರಿಕೋಟಿನ ದಣಿವು, ರಾತ್ರಿಯ ಪೆಗ್ಗು

ಶಿರಸಿಯ ಕೋರ್ಟಿನ ಆವರಣದಲ್ಲಿ ಬೆಳಿಗ್ಗೆ ಕಲಾಪ ಶುರುವಾಗುವ ಹೊತ್ತಿಗೆ ಸ್ವಲ್ಪ ನಿಂತು ನೋಡಿ. ಕೊರಳಿಗೆ ಬ್ಯಾಂಡು ಕಟ್ಟಿ, ಗೌನು ಹೆಗಲ ಮೇಲೆ ಹಾಕಿಕೊಂಡ ವಕೀಲರು ಕೆಲವರು ಬಾಯಲ್ಲಿದ್ದ ಕವಳ (ಎಲೆ ಅಡಿಕೆ) ಉಗಿದು, ಮುಕ್ಕಳಿಸಿ, ಒಳಗೆ ಓಡುತ್ತಾರೆ. ಜಡ್ಜ್ ಎದುರು ಬಾಯಾಡಿಸುವ ಹಾಗಿಲ್ಲ ಅಲ್ವಾ? ಮಧ್ಯಾಹ್ನ ಬಿಡುವು ಸಿಕ್ಕ ಕೂಡಲೇ ಕೈ ಮತ್ತೆ ಸಂಚಿಗೆ ಹೋಗುತ್ತದೆ. ನಮ್ಮ ಕಡೆ ಇದನ್ನು ಯಾರೂ ಚಟ ಅನ್ನುವುದಿಲ್ಲ. ಮನೆಗೆ ಬಂದವರ ಮುಂದೆ ಕವಳದ ಬಟ್ಟಲು ಇಡುವುದು ನಮ್ಮ ಮರ್ಯಾದೆ.

ಆ ಕವಳದಲ್ಲಿ ತಂಬಾಕು ಇದ್ದರೆ ಲೆಕ್ಕ ಬೇರೆ. ರಕ್ತಕ್ಕೆ ಸೇರಿದ ನಿಕೋಟಿನ್ ಸುಮಾರು 2 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಮಿದುಳು ಮತ್ತೆ ಕೇಳತೊಡಗುತ್ತದೆ. ಚಡಪಡಿಕೆ ಆಗುತ್ತದೆ, ಸಣ್ಣದಕ್ಕೂ ಸಿಟ್ಟು ಬರುತ್ತದೆ. ಕೇಸಿನ ಒತ್ತಡ ಅಂದುಕೊಂಡು ಕವಳ ಹಾಕುತ್ತಾರೆ, ಹಗುರಾಗುತ್ತದೆ. ಆದರೆ ಆ ಚಡಪಡಿಕೆಯಲ್ಲಿ ಒಂದು ಪಾಲು ಬೆಳಗಿನ ಕವಳವೇ ಹುಟ್ಟಿಸಿದ್ದು. ಸಿಗರೇಟು ಬಿಟ್ಟವರಲ್ಲಿ ಆತಂಕ, ಒತ್ತಡ ಕಡಿಮೆಯಾಗುವುದನ್ನು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರು 2014ರಲ್ಲಿ ತೋರಿಸಿದರು. ಅಡಿಕೆಯಲ್ಲೂ ಅರೆಕೋಲಿನ್ ಎಂಬ ಉತ್ತೇಜಕ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆದು ಬದುಕುವ ಊರಿಗೆ ಈ ಮಾತು ಕಹಿ. ಆದರೂ ಹೇಳಲೇಬೇಕು.

ಕವಳ ಹಾಕಿಯೇ ಹಗುರಾಗಬೇಕು ಅನ್ನಿಸುವಷ್ಟು ದಣಿವು ವಕೀಲರಿಗೆ ಎಲ್ಲಿಂದ ಬರುತ್ತದೆ? ಕಾರವಾರದ ಒಬ್ಬ ವಕೀಲರ ಮೇಜಿನ ಮೇಲೆ ಏನೇನಿರುತ್ತದೆ ನೋಡಿ. ಸೀಬರ್ಡ್ ನೌಕಾನೆಲೆಗೆ ಭೂಮಿ ಬಿಟ್ಟುಕೊಟ್ಟವರ ಪರಿಹಾರದ ಫೈಲು, ಹೆದ್ದಾರಿ ಅಗಲೀಕರಣದ ತಕರಾರು, ಅಣ್ಣ ತಮ್ಮಂದಿರ ಪಾಲಿನ ದಾವೆ. ಘಟ್ಟದ ಮೇಲೆ ಹೋದರೆ ಅರಣ್ಯ ಅತಿಕ್ರಮಣದ ಕೇಸುಗಳು. ಕಕ್ಷಿದಾರ ಬರುವುದೇ ಬದುಕು ಕೆಟ್ಟ ದಿನ. ಅವನ ಅಳು ಕೇಳಿಸಿಕೊಳ್ಳಬೇಕು, ಎದುರು ವಕೀಲರ ಜೊತೆ ಜಗಳಾಡಬೇಕು, ಕೊನೆಗೆ "ಮುಂದಿನ ತಾರೀಕು ಬಿತ್ತು" ಎಂದು ತಾನೇ ಹೇಳಬೇಕು. ದೇಶದ ಕೆಳಹಂತದ ಕೋರ್ಟುಗಳಲ್ಲಿ 4 ಕೋಟಿಗೂ ಜಾಸ್ತಿ ಕೇಸು ಬಾಕಿ ಇವೆ. ಮೇಲ್ಮನವಿ ಇದ್ದರೆ ಅರಬೈಲ್ ಘಟ್ಟ ಹತ್ತಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಬೇಕು. ಜೂನಿಯರ್‌ಗಳ ಪಾಡು ಇನ್ನೂ ಕಷ್ಟ. ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸಲಹೆ ಕೊಟ್ಟಿತು. ಅದು ಸಲಹೆ ಮಾತ್ರ, ಕಡ್ಡಾಯವಲ್ಲ.

ಕೆಲಸದ ಒತ್ತಡ ವರ್ಷಗಟ್ಟಲೆ ಹೀಗೇ ಮುಂದುವರಿದಾಗ ಆಗುವ ಸ್ಥಿತಿಯೇ ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದರ ಮೂರು ಗುರುತುಗಳನ್ನು ಹೇಳಿತು. ಮೈಮನಸ್ಸು ಬತ್ತಿದ ಹಾಗೆ ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ. ಎರಡನೆಯದನ್ನು ಮನೆಯವರು ಬೇಗ ಗುರುತಿಸುತ್ತಾರೆ. ಮೊದಲು ಕಕ್ಷಿದಾರರ ಕಥೆ ಕೇಳಿ ಮರುಗುತ್ತಿದ್ದ ಮನುಷ್ಯ ಈಗ ಅವರ ಫೋನ್ ಬಂದರೆ ಸಿಡುಕುತ್ತಾನೆ.

ಇಲ್ಲಿಗೆ ಪೆಗ್ಗು ಬರುತ್ತದೆ. ಕಾರವಾರದಿಂದ ಮಾಜಾಳಿ ದಾಟಿದರೆ ಗೋವಾ, ಬಾಟಲಿ ಅಲ್ಲಿ ಅಗ್ಗ. ಕುಡಿಯುವ ಬಹಳ ಜನ ಹೇಳುವ ಕಾರಣ ಒಂದೇ: "ಹಾಕಿಲ್ಲ ಅಂದ್ರೆ ನಿದ್ದೆ ಬರಲ್ಲ." ಅವರು ಸುಳ್ಳು ಹೇಳುತ್ತಿಲ್ಲ. ಮಿದುಳಿನಲ್ಲಿ ಚಟುವಟಿಕೆ ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಮದ್ಯ ಜಾಸ್ತಿ ಮಾಡುತ್ತದೆ, ಎಚ್ಚರ ಕೊಡುವ ಗ್ಲುಟಮೇಟ್‌ನ ಕೆಲಸವನ್ನು ತಡೆಯುತ್ತದೆ. ಕಣ್ಣು ಬೇಗ ಮುಚ್ಚುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಯಕೃತ್ತು ಮದ್ಯವನ್ನು ಕರಗಿಸುತ್ತಾ ಹೋದ ಹಾಗೆ, ತಡೆದಿಟ್ಟಿದ್ದ ಎಚ್ಚರ ದುಪ್ಪಟ್ಟಾಗಿ ಮರಳುತ್ತದೆ. ರಾತ್ರಿ ಎರಡು ಮೂರರ ಹೊತ್ತಿಗೆ ಎದೆ ಹೊಡೆದುಕೊಂಡು ಎಚ್ಚರ. ನಾಳಿನ ಪಾಟೀಸವಾಲು ನೆನಪಿಗೆ ಬರುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಕನಸು ಬೀಳುವ ಹಂತದ ನಿದ್ದೆಯೂ ಮೊದಲರ್ಧದಲ್ಲಿ ಕಡಿಮೆಯಾಗಿರುತ್ತದೆ. ನೋವಿನ ನೆನಪುಗಳ ಕಾವು ಇಳಿಯಲು ಆ ನಿದ್ದೆ ಬೇಕು. ದಿನವೆಲ್ಲ ಬೇರೆಯವರ ದುಃಖ ಹೊತ್ತವರಿಗೆ ಅದು ಇನ್ನೂ ಮುಖ್ಯ ಅಂತ ನನಗನ್ನಿಸುತ್ತದೆ. ಕೆಲವೇ ದಿನಗಳಲ್ಲಿ ಮಿದುಳು ಒಂದು ಪೆಗ್ಗಿಗೆ ಒಗ್ಗಿಹೋಗುತ್ತದೆ. ಆಗ ಎರಡು ಬೇಕು. ದಣಿವು ಕಳೆಯಲೆಂದು ಕುಡಿದವರು ದಣಿದೇ ಏಳುತ್ತಾರೆ.

2016ರಲ್ಲಿ ಅಮೆರಿಕದ ಸುಮಾರು 12,800 ವಕೀಲರ ಅಧ್ಯಯನ ಪ್ರಕಟವಾಯಿತು. 5ರಲ್ಲಿ ಒಬ್ಬರ ಕುಡಿತ ಅಪಾಯದ ಮಟ್ಟದಲ್ಲಿತ್ತು, ಶೇ. 28 ಜನರಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ವೃತ್ತಿಯ ಮೊದಲ 10 ವರ್ಷದವರಲ್ಲೇ ಕುಡಿತದ ತೊಂದರೆ ಹೆಚ್ಚು. ಈ ಅಂಕಿಗಳನ್ನು ಹಾಗೇ ಶಿರಸಿಗೆ ತಂದು ಕೂರಿಸುವುದು ಸರಿಯಲ್ಲ. ಆದರೆ ಸಹಾಯ ಕೇಳದಿರಲು ಅವರು ಕೊಟ್ಟ ಕಾರಣ ನಮ್ಮದೇ ಊರಿನ ಮಾತು: ನಾಲ್ಕು ಜನಕ್ಕೆ ಗೊತ್ತಾದರೆ?

ಚಿಕ್ಕ ಊರಲ್ಲಿ ಈ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಕಕ್ಷಿದಾರ ಫೈಲು ವಾಪಸ್ ಕೇಳಬಹುದು. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಅಮೆರಿಕದ ವಕೀಲರ ಸಂಘ 1988ರಲ್ಲೇ ಇಂಥ ತೊಂದರೆಯಲ್ಲಿರುವ ವಕೀಲರಿಗಾಗಿ ಒಂದು ಆಯೋಗ ಮಾಡಿತು. ಅಲ್ಲಿನ ರಾಜ್ಯಗಳ ವಕೀಲರ ನೆರವು ಕೇಂದ್ರಗಳಲ್ಲಿ ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ. ನಮ್ಮ ಜಿಲ್ಲೆಯ ವಕೀಲರ ಸಂಘಗಳೂ ಇಂಥದ್ದೊಂದು ಏರ್ಪಾಟು ಮಾಡಬೇಕು. ಕಾನೂನಿನ ಬಲ ಹೇಗೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ತೊಂದರೆಗಳೂ ಸೇರಿವೆ. ಅದರ 23ನೇ ಕಲಂ ಚಿಕಿತ್ಸೆಯ ಗೋಪ್ಯತೆಯನ್ನು ಹಕ್ಕು ಮಾಡಿದೆ.

ಒಂದು ಎಚ್ಚರಿಕೆ. ವರ್ಷಗಳಿಂದ ದಿನವೂ ಜಾಸ್ತಿ ಕುಡಿಯುವವರು ಹಠ ಮಾಡಿ ಒಮ್ಮೆಲೇ ಬಿಡಬಾರದು. ಕೈ ನಡುಕ, ಫಿಟ್ಸ್, ಎರಡು ಮೂರು ದಿನದಲ್ಲಿ ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ವೈದ್ಯರ ನಿಗಾದಲ್ಲಿ, ಔಷಧಿ ತೆಗೆದುಕೊಂಡು ಬಿಡುವುದೇ ಸುರಕ್ಷಿತ. ಆಸ್ಪತ್ರೆಗೆ ಹೋಗಲು ಮುಜುಗರ ಅನ್ನಿಸಿದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.