ಎಲ್ಲೋ ಲ್ಯಾಬ್‌ಗೆ ಕಿತ್ತಳೆ ಮರಿ ಯಾಕೆ?

"ಸಾರ್, ಎಲ್ಲೋ ಲ್ಯಾಬ್ ಮರಿ ಹಾಕಿದೆ. ಆದ್ರೆ ಮರಿಗಳು ಒಂಥರಾ ಕಿತ್ತಳೆ ಬಣ್ಣಕ್ಕೆ ತಿರುಗ್ತಿವೆ. ಫುಡ್ ಬದಲಾಯಿಸ್ಬೇಕಾ?"

ಎಲ್ಲೋ ಲ್ಯಾಬ್ ಎಂದರೆ ಅಕ್ವೇರಿಯಂನಲ್ಲಿ ಸಾಕುವ ಒಂದು ಹಳದಿ ಮೀನು. ಮೈಸೂರು, ಮಂಡ್ಯದ ಮೀನು ಸಾಕುವ ಹವ್ಯಾಸಿಗಳು ಕೇಳುತ್ತಲೇ ಇರುವ ಪ್ರಶ್ನೆ ಇದು. ತಪ್ಪು ಫುಡ್‌ನದಲ್ಲ. ಅದೇ ತೊಟ್ಟಿಯಲ್ಲಿ ರೆಡ್ ಝೀಬ್ರಾ ಎಂಬ ಮೀನಿನ ಗಂಡು ಇದೆಯಾ ಎಂದು ಮೊದಲು ನೋಡಿ. ಸಾಮಾನ್ಯವಾಗಿ ಇದ್ದೇ ಇರುತ್ತದೆ, ಏಕೆಂದರೆ ಅಂಗಡಿಯಲ್ಲಿ 'ಆಫ್ರಿಕನ್ ಮಿಕ್ಸ್' ಎಂದು ಹತ್ತು ಬಣ್ಣದ ಮೀನು ಒಂದೇ ಕವರಿಗೆ ಹಾಕಿ ಕೊಟ್ಟಿರುತ್ತಾರೆ.

ಆಫ್ರಿಕಾದ ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ, ಲ್ಯಾಬ್, ಝೀಬ್ರಾದಂಥ ಈ 'ಎಂಬೂನಾ' ಮೀನುಗಳು ಒಂದಕ್ಕೊಂದು ತೀರಾ ಹತ್ತಿರದ ನೆಂಟರು. ಪ್ರಭೇದಗಳಾಗಿ ಕವಲೊಡೆದು ಹೆಚ್ಚು ಕಾಲವಾಗಿಲ್ಲ. ಹಾಗಾಗಿ ಬೇರೆ ಬೇರೆ ಪ್ರಭೇದಗಳು ಕೂಡಿದರೂ ಮರಿಯಾಗುತ್ತದೆ, ಆ ಮರಿ ದೊಡ್ಡದಾಗಿ ತಾನೂ ಮರಿ ಹಾಕುತ್ತದೆ. ಸರೋವರದಲ್ಲಿ ಅವನ್ನು ಬೇರೆಯಾಗಿ ಇಟ್ಟಿರುವುದು ಮುಖ್ಯವಾಗಿ ಹೆಣ್ಣಿನ ಆಯ್ಕೆ. ತಿಳಿನೀರಿನಲ್ಲಿ ಗಂಡಿನ ಬಣ್ಣ, ನಡವಳಿಕೆ ನೋಡಿ ಅದು ತನ್ನದೇ ಪ್ರಭೇದದ ಗಂಡನ್ನು ಹುಡುಕಿಕೊಳ್ಳುತ್ತದೆ. ವಿಕ್ಟೋರಿಯಾ ಸರೋವರದ ನೀರು ಕದಡಿ ಬಣ್ಣ ಕಾಣದಂತಾದ ಕಡೆ ಸಿಕ್ಲಿಡ್‌ಗಳು (ಎಂಬೂನಾಗಳೂ ಸೇರುವ ದೊಡ್ಡ ಮೀನು ಕುಟುಂಬ) ಬೆರೆತುಹೋಗುತ್ತಿರುವುದನ್ನು ಸಂಶೋಧಕರು 1997ರಲ್ಲೇ ವರದಿ ಮಾಡಿದ್ದಾರೆ. ನಮ್ಮ ನಾಲ್ಕಡಿ ತೊಟ್ಟಿಯಲ್ಲಿ ಹೆಣ್ಣಿಗೆ ಆಯ್ಕೆಯೇ ಇಲ್ಲ. ಲ್ಯಾಬ್ ಗಂಡು ಸಾಧು, ಝೀಬ್ರಾ ಗಂಡು ಜೋರು. ಅದು ಇದನ್ನು ಮೂಲೆಗೆ ಅಟ್ಟಿದರೆ ಮುಗಿಯಿತು. ಈ ಮೀನುಗಳಲ್ಲಿ ಹೆಣ್ಣು ಮೊಟ್ಟೆಮರಿಯನ್ನು ಬಾಯಲ್ಲೇ ಇಟ್ಟು ಕಾಯುತ್ತದೆ. ಮೂರು ವಾರ ಹಾಗೆ ಇಟ್ಟುಕೊಂಡಿದ್ದು ಲ್ಯಾಬ್ ಹೆಣ್ಣು ಎಂದ ಮಾತ್ರಕ್ಕೆ ತಂದೆಯೂ ಲ್ಯಾಬೇ ಆಗಬೇಕೆಂದೇನಿಲ್ಲ.

ಹೆಸರಿನ ಗೊಂದಲ ಇದಕ್ಕೆ ಇನ್ನಷ್ಟು ತುಪ್ಪ ಸುರಿಯುತ್ತದೆ. ಝೀಬ್ರಾ ಗುಂಪಿಗೆ ಮೊದಲು ಸ್ಯೂಡೋಟ್ರೋಫಿಯಸ್ ಎನ್ನುತ್ತಿದ್ದರು. 1984ರಲ್ಲಿ ಮೇಲ್ಯಾಂಡಿಯಾ ಎಂಬ ಹೆಸರು ಬಂತು, 1997ರಲ್ಲಿ ಮೆಟ್ರಿಯಾಕ್ಲೈಮಾ. ಇವತ್ತಿಗೂ ಎರಡೂ ಚಾಲ್ತಿಯಲ್ಲಿವೆ. 'ಒಂದು ಮೇಲ್ಯಾಂಡಿಯಾ, ಒಂದು ಮೆಟ್ರಿಯಾಕ್ಲೈಮಾ ತಂದಿದ್ದೀನಿ, ಬೇರೆ ಬೇರೆ ಕುಲ' ಎಂದುಕೊಂಡವರು ತಂದಿರುವುದು ಅಕ್ಕತಂಗಿಯರನ್ನೇ.

ಬಣ್ಣವನ್ನಂತೂ ನಂಬಲೇಬೇಡಿ. ಕೆನ್ಯಿ ಎಂಬ ಇನ್ನೊಂದು ಎಂಬೂನಾದ ಮರಿ ನೀಲಿ, ಹೆಣ್ಣು ನೀಲಿಯಾಗಿಯೇ ಉಳಿಯುತ್ತದೆ, ಗಂಡು ಬೆಳೆದಂತೆ ಹಳದಿಯಾಗುತ್ತದೆ. ಆ ಹಳದಿ ಗಂಡನ್ನು ಲ್ಯಾಬ್ ಎಂದುಕೊಂಡು ಲ್ಯಾಬ್‌ಗಳ ಜೊತೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ರೆಕ್ಕೆ ಹರಿದ ಮೀನು ಸಿಗುತ್ತದೆ. ರೆಡ್ ಝೀಬ್ರಾ ಸರೋವರದಲ್ಲಿ ಹೆಣ್ಣು ಕಿತ್ತಳೆ, ಗಂಡು ಸಾಮಾನ್ಯವಾಗಿ ತಿಳಿನೀಲಿ. ಎಲ್ಲೋ ಲ್ಯಾಬ್‌ನ ಶಾಸ್ತ್ರೀಯ ಹೆಸರಿನ 'ಸೆರೂಲಿಯಸ್' ಪದಕ್ಕೂ ನೀಲಿ ಎಂದೇ ಅರ್ಥ!

ಲ್ಯಾಬ್ ಕೊಳ್ಳುವಾಗ ಬೆನ್ನ ರೆಕ್ಕೆಯ ಉದ್ದಕ್ಕೂ ಕಪ್ಪು ಗೆರೆ ಇದೆಯಾ, ಬೆಳೆದ ಮೀನಾದರೆ ಹೊಟ್ಟೆಯಡಿಯ ರೆಕ್ಕೆಗಳು ಕಪ್ಪಾಗಿವೆಯಾ, ಮೂತಿ ಚೂಪಾಗಿದೆಯಾ ನೋಡಿ. ಮೈಮೇಲೆ ಕಿತ್ತಳೆ ಛಾಯೆ, ಮಾಸಲು ಅಡ್ಡಪಟ್ಟಿ, ಮೊಂಡು ತಲೆ ಕಂಡರೆ ಬಿಟ್ಟುಬಿಡಿ. ಇಷ್ಟೆಲ್ಲ ನೋಡಿಯೂ ಕಣ್ಣಳತೆಯಲ್ಲಿ 'ಶುದ್ಧ' ಎಂದು ಯಾರೂ ಬರೆದುಕೊಡಲಾರರು. ಮಿಶ್ರ ಮೀನು ಮತ್ತೆ ಲ್ಯಾಬ್ ಜೊತೆ ಕೂಡಿದರೆ ಎರಡನೇ ತಲೆಮಾರು ಲ್ಯಾಬ್‌ನಂತೆಯೇ ಕಾಣಬಹುದು.

4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಲೆಕ್ಕಕ್ಕೆ ಸುಮಾರು 255 ಲೀಟರ್. ಕಲ್ಲು, ಮರಳು ಕಳೆದರೆ ಇನ್ನೂ ಕಡಿಮೆ. ಅದಕ್ಕೆ ಎಂಬೂನಾಗಳ ಮೂರು ಗುಂಪು ಸಾಕು: ಲ್ಯಾಬ್, ಏಸಿ, ರಸ್ಟಿ. ಮೂರೂ ಬೇರೆ ಕುಲ, ಬೇರೆ ಬಣ್ಣ, ಸ್ವಭಾವ ಮೆದು. ಪ್ರತಿ ಗುಂಪಿನಲ್ಲೂ ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಲಿ. ಕುಲ ಬೇರೆಯಾದರೆ ಸಾಲದು ಎಂಬುದಕ್ಕೆ ಲ್ಯಾಬ್–ಝೀಬ್ರಾ ಮಿಶ್ರಣವೇ ಸಾಕ್ಷಿ. ಪ್ರತಿ ಹೆಣ್ಣಿಗೂ ತನ್ನದೇ ಪ್ರಭೇದದ, ಸೋತು ಮೂಲೆ ಸೇರದ ಗಂಡು ಬೇಕು. ಗಂಡು ಸತ್ತರೆ 'ಆಮೇಲೆ ತಂದರಾಯ್ತು' ಎಂದು ತಿಂಗಳುಗಟ್ಟಲೆ ಬಿಡಬೇಡಿ, ಕಲಬೆರಕೆ ಆಗುವುದು ಆ ಸಂದಿನಲ್ಲೇ.

ಪೀಕಾಕ್ (ಮಲಾವಿಯದೇ ಇನ್ನೊಂದು ಬಗೆಯ ಸಿಕ್ಲಿಡ್ ಮೀನು) ಸಾಕುವವರಿಗೆ ಇದು ಇನ್ನೂ ಕಷ್ಟ. ಹೆಣ್ಣುಗಳೆಲ್ಲ ಒಂದೇ ಬೂದುಕಂದು. ಯಾವುದು ಯಾವ ಪ್ರಭೇದ ಎಂದು ನುರಿತವರೂ ತಡಬಡಾಯಿಸುತ್ತಾರೆ. ಒಂದೇ ಪ್ರಭೇದ ಇಡಿ, ಇಲ್ಲವೇ ಒಂದೂ ಹೆಣ್ಣಿಲ್ಲದ ಬರೀ ಗಂಡುಗಳ ತೊಟ್ಟಿ ಮಾಡಿ.

ನೀರಿನದು ನಮ್ಮ ಕಡೆ ದೊಡ್ಡ ತೊಂದರೆಯಲ್ಲ. ಕಾಯಿಸಿದ ಪಾತ್ರೆಗೆ ಬಿಳಿ ಪಟ್ಟು ಕಟ್ಟುವ ಗಡಸು ಬೋರ್‌ವೆಲ್ ನೀರು ಈ ಮೀನಿಗೆ ಒಗ್ಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆದು, ಪಿಎಚ್ 7.8ಕ್ಕಿಂತ ಕೆಳಗಿದ್ದರೆ ಫಿಲ್ಟರಿನಲ್ಲಿ ಒಂದು ಚೀಲ ಹವಳದ ಚೂರು ಇಡಿ. ಯಾವ ನೀರಾದರೂ ಒಮ್ಮೆ ಪರೀಕ್ಷಿಸಿಯೇ ಹಾಕಿ.

ಈಗಾಗಲೇ ಕಿತ್ತಳೆ ಮರಿ ಆಗಿದ್ದರೆ ಅವುಗಳದೇನೂ ತಪ್ಪಿಲ್ಲ, ಚೆನ್ನಾಗಿ ಸಾಕಿ. ಆದರೆ ಲ್ಯಾಬ್ ಎಂದು ಅಂಗಡಿಗೆ ಕೊಡಬೇಡಿ. ಸ್ನೇಹಿತರಿಗೆ ಕೊಡುವುದಾದರೆ ಮಿಕ್ಸ್ ಎಂದು ಬಾಯಿಬಿಟ್ಟು ಹೇಳಿ. ಹೆಚ್ಚಾಯಿತೆಂದು ಕೆರೆಗೋ ವಿ.ಸಿ. ನಾಲೆಗೋ ಬಿಡುವುದಂತೂ ಕೂಡದು. ಝೀಬ್ರಾ ಗಂಡನ್ನು ಇವತ್ತೇ ಬೇರೆ ತೊಟ್ಟಿಗೆ ಹಾಕಿ. ಈಗ ಬಾಯಿ ಉಬ್ಬಿಸಿಕೊಂಡಿರುವ ಹೆಣ್ಣಿನ ಮರಿಗಳನ್ನೂ ಮಿಶ್ರ ಎಂದೇ ಲೆಕ್ಕ ಹಿಡಿಯಿರಿ.