‘ಬಿಡ್ತು ಅನ್ನಿ’ ಎನ್ನುವ ಮಕ್ಕಳಿಗೆ ಹೇಗೆ ಹೇಳಲಿ?

ಪ್ರಶ್ನೆ: ನನಗೆ 64 ವರ್ಷ, ರಾಜಾಜಿನಗರದಲ್ಲಿ ಮನೆ. ಮೂರು ವರ್ಷದಿಂದ ಡಯಾಲಿಸಿಸ್. ಕೊನೆಗಾಲದಲ್ಲಿ ವೆಂಟಿಲೇಟರ್ ಬೇಡವೆಂದು ಮಕ್ಕಳಿಗೆ ಹೇಳಹೊರಟರೆ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಏನು ಮಾಡಲಿ?

ಉತ್ತರ: ಮಕ್ಕಳು ಹೆದರಿದ್ದಾರೆ. ನಾನೂ ಅಪ್ಪನಿಗೆ ಹಾಗೇ ಅಂದವಳು. ಅವರಿಗೆ ಶ್ವಾಸಕೋಶದ ಕಾಯಿಲೆ. ಕಾಫಿ ಲೋಟ ಕೆಳಗಿಟ್ಟು ‘ನನ್ನನ್ನ ಆಸ್ಪತ್ರೇಲಿ...’ ಎಂದು ಶುರು ಮಾಡಿದಾಗಲೆಲ್ಲ ಟಿವಿ ಸೌಂಡು ಜಾಸ್ತಿ ಮಾಡುತ್ತಿದ್ದೆ. ಆಮೇಲೊಂದು ರಾತ್ರಿ ಎರಡು ಗಂಟೆಗೆ ಐಸಿಯು ಬಾಗಿಲಲ್ಲಿ, ‘ಟ್ಯೂಬ್ ಹಾಕೋಣ್ವಾ? ಬೇಗ ಹೇಳಿ’ ಎಂದರು. ಅಣ್ಣ ಬೇಡ ಅಂದ. ನಾನು ಸಹಿ ಹಾಕಿದೆ. ಟ್ಯೂಬ್ ಕಿತ್ತುಕೊಳ್ಳದಿರಲೆಂದು ಅಪ್ಪನ ಕೈಗಳನ್ನು ಬ್ಯಾಂಡೇಜಿನಿಂದ ಮಂಚದ ಸರಳಿಗೆ ಕಟ್ಟಿದ್ದರು, ಹನ್ನೊಂದು ದಿನ. ಅವರು ಅದಕ್ಕೆ ಒಪ್ಪುತ್ತಿದ್ದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಇದಿಷ್ಟನ್ನು ಮಕ್ಕಳಿಗೆ ಓದಿ ಹೇಳಿ.

ಎಲ್ಲರನ್ನೂ ಕೂರಿಸಿಕೊಂಡು ಸಭೆ ಮಾಡಬೇಡಿ. ಡಯಾಲಿಸಿಸ್ ಮೆಷಿನ್ ಓಡುವ ಆ ನಾಲ್ಕು ಗಂಟೆ ಪಕ್ಕದಲ್ಲಿ ಯಾರು ಕೂರುತ್ತಾರೋ ಅವರಿಗೆ ಮೊದಲು ಹೇಳಿ: ‘ನಾಳೆ ನನಗೆ ಮಾತು ನಿಂತರೆ ಡಾಕ್ಟರು ನಿನ್ನನ್ನೇ ಕೇಳೋದು. ಆಗ ನೀನು ಒದ್ದಾಡಬಾರದು.’

‘ವೆಂಟಿಲೇಟರ್ ಬೇಡ’ ಎಂಬುದು ಅರ್ಧ ಮಾತು. ನ್ಯುಮೋನಿಯಾ ಬಂದರೆ ನಾಲ್ಕು ದಿನ ಯಂತ್ರದ ಆಸರೆಯಲ್ಲಿದ್ದು ಮನೆಗೆ ಮರಳುವವರೂ ಇದ್ದಾರೆ. ಮರಳುವ ಭರವಸೆಯೇ ಇಲ್ಲದಾಗ ಏನು ಮಾಡಬೇಕು, ಡಯಾಲಿಸಿಸ್ ಯಾವಾಗ ನಿಲ್ಲಿಸಬೇಕು, ಕೊನೆಗೆ ಮನೆಯಲ್ಲಿರಬೇಕೋ ಆಸ್ಪತ್ರೆಯಲ್ಲೋ, ಬಿಡಿಸಿ ಹೇಳಿ. ನಿಮ್ಮ ಕಿಡ್ನಿ ಡಾಕ್ಟರ ಮುಂದೆ, ಮಕ್ಕಳಿರುವಾಗಲೇ ಕೇಳಿ. ಯಂತ್ರ ಬೇಡವೆಂದರೂ ನೋವು, ಉಬ್ಬಸಕ್ಕೆ ಔಷಧಿ ನಿಲ್ಲುವುದಿಲ್ಲ. ಅದನ್ನು ನೋಡಿಕೊಳ್ಳಲೆಂದೇ ಪ್ಯಾಲಿಯೇಟಿವ್ ವೈದ್ಯರಿದ್ದಾರೆ.

ಆಮೇಲೆ ಬರೆದಿಡಿ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು, ಕೊನೆಗಾಲದ ಚಿಕಿತ್ಸೆ ಹೇಗಿರಬೇಕೆಂದು ಮೊದಲೇ ಬರೆದಿಡುವ ಪತ್ರಕ್ಕೆ, ಅಂದರೆ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರಲ್ಲಿ ನಿಯಮ ಸಡಿಲವಾಗಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ನಿಮ್ಮ ಪರವಾಗಿ ನಿರ್ಧರಿಸಲು ಒಬ್ಬರಿಗಿಂತ ಹೆಚ್ಚು ಜನರ ಹೆಸರು ಬರೆಯಿರಿ. ಇಬ್ಬರು ಮಕ್ಕಳಿದ್ದರೆ ಇಬ್ಬರದ್ದೂ ಇರಲಿ, ಜಗಳ ತಪ್ಪುತ್ತದೆ. ನಿಮಗೆ ಮಾತು ನಿಂತು, ಚೇತರಿಕೆಯ ಆಸೆಯೂ ಇಲ್ಲದಾಗ ಮಾತ್ರ ಆ ಪತ್ರ ಲೆಕ್ಕಕ್ಕೆ ಬರುತ್ತದೆ. ಆಗಲೂ ಮೂರು ಮೂರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಮನಸ್ಸು ಬದಲಾದರೆ ಯಾವತ್ತಾದರೂ ತಿದ್ದಬಹುದು.

ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಫ್ಯಾಮಿಲಿ ಡಾಕ್ಟರಿಗೆ ಒಂದು ಪ್ರತಿ ಕೊಡಿ, ಇನ್ನೊಂದು ಡಯಾಲಿಸಿಸ್ ಫೈಲಿನ ಮೊದಲ ಕವರಿನಲ್ಲಿರಲಿ. ಎಮರ್ಜೆನ್ಸಿಗೆ ಓಡುವಾಗ ಮಕ್ಕಳು ಕೈಗೆತ್ತಿಕೊಳ್ಳುವುದು ಅದನ್ನೇ.