ಪದ ಪರಿಚಯ: ಸಮುದಾಯ ಹೊಣೆಗಾರಿಕೆ

‘ಹೊಣೆ’ ಕನ್ನಡದ ಹಳೆಯ ಪದಗಳಲ್ಲಿ ಒಂದು. ಹಳಗನ್ನಡದಲ್ಲಿ ಅದು ‘ಪೊಣೆ’ ಎಂದಿತ್ತು. ತಮಿಳಿನ ‘ಪುಣೈ’ ಅದರ ಒಡಹುಟ್ಟು. ಇಂದು ನಾವು ಅದನ್ನು ಕರ್ತವ್ಯ ಎಂಬ ಅರ್ಥದಲ್ಲಿ ಬಳಸುತ್ತೇವಾದರೂ ಅದರ ಮೊದಲ ಅರ್ಥ ಜಾಮೀನು. ಒಬ್ಬನು ಸಾಲ ಪಡೆಯುವಾಗ ಇನ್ನೊಬ್ಬನು ಮುಂದೆ ನಿಂತು ‘ಇವನು ತೀರಿಸದಿದ್ದರೆ ನಾನು ತೀರಿಸುತ್ತೇನೆ’ ಎಂದು ಮಾತು ಕೊಟ್ಟರೆ ಆ ಎರಡನೆಯವನೇ ಹೊಣೆಗಾರ. ಇದರ ಜೊತೆಯಲ್ಲೇ ನಾವು ಬಳಸುವ ‘ಜವಾಬ್ದಾರಿ’ ಪರ್ಷಿಯನ್ ಭಾಷೆಯ ದಾರಿಯಿಂದ ಬಂದದ್ದು; ಜವಾಬು ಎಂದರೆ ಉತ್ತರ, ಕೇಳಿದಾಗ ಉತ್ತರ ಕೊಡಬೇಕಾದವನು ಜವಾಬ್ದಾರ. ಒಂದು ಪದದಲ್ಲಿ ತಪ್ಪಿದರೆ ತೆರಬೇಕೆಂಬ ಭಾವವಿದೆ, ಇನ್ನೊಂದರಲ್ಲಿ ಕೇಳಿದರೆ ಹೇಳಬೇಕೆಂಬ ಭಾವವಿದೆ. ‘ಸಮುದಾಯ ಹೊಣೆಗಾರಿಕೆ’ ಎಂಬ ಪರಿಭಾಷೆಯನ್ನು ಅರ್ಥಮಾಡಿಕೊಳ್ಳಲು ಈ ಎರಡೂ ಭಾವಗಳು ಬೇಕು.

ಒಂದು ಪ್ರದೇಶದಲ್ಲಿ ವ್ಯವಹಾರ ನಡೆಸುವ ಉದ್ದಿಮೆಯಾಗಲಿ, ಆ ಪ್ರದೇಶದ ಆಡಳಿತ ನಡೆಸುವ ಸ್ಥಳೀಯ ಸಂಸ್ಥೆಯಾಗಲಿ, ತನ್ನ ನಿರ್ಧಾರಗಳಿಂದ ಮತ್ತು ದಿನನಿತ್ಯದ ವಹಿವಾಟಿನಿಂದ ಅಲ್ಲಿನ ಜನರ ಬದುಕಿನ ಮೇಲೆ ಆಗುವ ಪರಿಣಾಮಕ್ಕೆ ಹೊಣೆ ಹೊರುವುದೇ ಸಮುದಾಯ ಹೊಣೆಗಾರಿಕೆ. ಈ ವಿವರಣೆಯಲ್ಲಿ ದಾನ, ದೇಣಿಗೆ, ಪ್ರಾಯೋಜಕತ್ವ ಎಂಬ ಪದಗಳು ಇಲ್ಲದಿರುವುದನ್ನು ಓದುಗರು ಗಮನಿಸಬೇಕು. ದಾನ ಒಳ್ಳೆಯದೇ. ಆದರೆ ದಾನ ಕೊಡುವವನ ಇಷ್ಟಕ್ಕೆ ಬಿಟ್ಟದ್ದು, ಹೊಣೆ ಹಾಗಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದಿರುವುದರಿಂದಲೇ ಈ ಪದದ ಸುತ್ತ ಬಹಳಷ್ಟು ಗೊಂದಲ ಬೆಳೆದಿದೆ ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಉದ್ದಿಮೆಗಳ ಸಾಮಾಜಿಕ ಹೊಣೆಗಾರಿಕೆಯ ಕುರಿತಾದ ಆಧುನಿಕ ಚರ್ಚೆಗೆ ಅಮೆರಿಕದ ಅರ್ಥಶಾಸ್ತ್ರಜ್ಞ ಹೋವರ್ಡ್ ಬೋವೆನ್ 1953ರಲ್ಲಿ ಬರೆದ ಪುಸ್ತಕವನ್ನು ಸಾಮಾನ್ಯವಾಗಿ ಆರಂಭವೆಂದು ಗುರುತಿಸುತ್ತಾರೆ. ಇದಕ್ಕೆ ಅತ್ಯಂತ ಪ್ರಬಲವಾದ ವಿರೋಧ ಬಂದದ್ದು 1970ರಲ್ಲಿ. ಕಾನೂನಿನ ಮತ್ತು ನ್ಯಾಯವಾದ ಸ್ಪರ್ಧೆಯ ಚೌಕಟ್ಟಿನೊಳಗೆ ಲಾಭ ಗಳಿಸುವುದೇ ಉದ್ದಿಮೆಯ ಸಾಮಾಜಿಕ ಹೊಣೆ ಎಂದು ಅಮೆರಿಕದ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಆಗ ವಾದಿಸಿದರು. ಕಂಪನಿಯ ವ್ಯವಸ್ಥಾಪಕರು ತಮಗೆ ಒಪ್ಪಿದ ಸತ್ಕಾರ್ಯಕ್ಕೆ ಖರ್ಚು ಮಾಡುವಾಗ ನಿಜವಾಗಿ ಖರ್ಚಾಗುವುದು ಷೇರುದಾರರ, ಗ್ರಾಹಕರ ಅಥವಾ ನೌಕರರ ಹಣ ಎಂಬ ಅವರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಆಕ್ಷೇಪ ತಗಲುವುದು ದಾನಕ್ಕೆ. ತಾನು ಹರಿಯಬಿಟ್ಟ ಕೊಳಚೆಗೆ, ತಾನು ತಡೆಹಿಡಿದ ಕೂಲಿಗೆ, ತಾನು ಕೆಡಿಸಿದ ರಸ್ತೆಗೆ ಉತ್ತರ ಕೊಡುವುದು ಯಾರ ಹಣವನ್ನೂ ಹಂಚಿದಂತಲ್ಲ. ತನ್ನ ಖರ್ಚನ್ನು ಬೇರೆಯವರ ತಲೆಯ ಮೇಲೆ ಹೊರಿಸದಿರುವುದು ಅಷ್ಟೇ. ಮುಂದೆ 2010ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ (ಐಎಸ್‌ಒ) ಪ್ರಕಟಿಸಿದ ಐಎಸ್‌ಒ 26000 ಮಾರ್ಗಸೂಚಿಯೂ, 2011ರಲ್ಲಿ ಐರೋಪ್ಯ ಆಯೋಗವು ಕೊಟ್ಟ ವ್ಯಾಖ್ಯೆಯೂ ‘ಪರಿಣಾಮ’ ಎಂಬ ಪದವನ್ನೇ ನಡುವೆ ಇಟ್ಟುಕೊಂಡವು. ಐಎಸ್‌ಒ ಮಾರ್ಗಸೂಚಿ ಉದ್ದಿಮೆಗಳಿಗಷ್ಟೇ ಅಲ್ಲದೆ ಎಲ್ಲ ಬಗೆಯ ಸಂಸ್ಥೆಗಳಿಗೂ ಅನ್ವಯಿಸುವಂಥದ್ದು. ಅದು ಪ್ರಮಾಣಪತ್ರ ಪಡೆದು ಗೋಡೆಗೆ ತೂಗುಹಾಕುವ ಮಾನದಂಡವಲ್ಲ, ಪಾಲಿಸಲು ಕೊಟ್ಟ ಮಾರ್ಗದರ್ಶನ.

ಭಾರತದ 2013ರ ಕಂಪನಿ ಕಾಯ್ದೆಯ 135ನೆಯ ಕಲಮು ಈ ವಿಷಯದಲ್ಲಿ ಜಗತ್ತಿನ ಗಮನ ಸೆಳೆದದ್ದು ಸಹಜ. ನಿಗದಿತ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇಕಡಾ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕೆಂಬ ನಿಯಮ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಶಾಲೆ, ಆಸ್ಪತ್ರೆ, ನೈರ್ಮಲ್ಯದಂತಹ ಕ್ಷೇತ್ರಗಳಿಗೆ ಇದರಿಂದ ಹಣ ಹರಿದಿದೆ, ಅದು ಸ್ವಾಗತಾರ್ಹ. ಆದರೆ ಕಂಪನಿಯ ಎಂದಿನ ವ್ಯವಹಾರದ ಭಾಗವಾಗಿ ನಡೆಯುವ ಚಟುವಟಿಕೆಗಳನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಎಂಬುದು ನಿಯಮಗಳ ಸಾಮಾನ್ಯ ಸೂತ್ರ. ಖರ್ಚನ್ನು ಅಳೆಯುವ ದೃಷ್ಟಿಯಿಂದ ಅದು ಸರಿಯಾದ ಸೂತ್ರವೇ. ಇಲ್ಲದಿದ್ದರೆ ಜಾಹೀರಾತಿನ ವೆಚ್ಚವೂ ಸಮಾಜಸೇವೆಯ ಖಾತೆಗೆ ಸೇರಿಬಿಡುತ್ತಿತ್ತು. ಆದರೂ ಅದರಿಂದ ಒಂದು ತಪ್ಪು ತಿಳಿವಳಿಕೆ ಬೇರೂರಬಾರದು. ಲಾಭದ ನೂರರಲ್ಲಿ ಎರಡು ಪಾಲನ್ನು ಹೇಗೆ ಖರ್ಚು ಮಾಡಿದರು ಎಂಬುದಕ್ಕೆ ವರದಿ ಸಿಗುತ್ತದೆ, ಉಳಿದ ತೊಂಬತ್ತೆಂಟನ್ನು ಹೇಗೆ ಗಳಿಸಿದರು ಎಂಬುದೂ ಹೊಣೆಗಾರಿಕೆಯ ಪ್ರಶ್ನೆಯೇ.

ದಾನವೇ ಆದರೂ ಹೊಣೆಯಿಂದ ಕೊಟ್ಟದ್ದಕ್ಕೂ ಹಾಗಲ್ಲದೆ ಕೊಟ್ಟದ್ದಕ್ಕೂ ಇರುವ ಅಂತರವನ್ನು ಹತ್ತಿರದಿಂದ ನೋಡಬಹುದು. ಒಂದು ಉದ್ದಿಮೆ ಶಾಲೆಯೊಂದಕ್ಕೆ ಕುಡಿಯುವ ನೀರಿನ ಶುದ್ಧೀಕರಣ ಘಟಕವನ್ನು ಕೊಡುತ್ತದೆ ಎಂದುಕೊಳ್ಳೋಣ. ರಿಬ್ಬನ್ ಕತ್ತರಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಘಟಕದ ನೆತ್ತಿಯ ಮೇಲೆ ದಾನಿಯ ಹೆಸರಿನ ಫಲಕ ಕೂರುತ್ತದೆ. ಕೆಲವು ತಿಂಗಳಲ್ಲಿ ನಲ್ಲಿಯಿಂದ ಬರುವ ನೀರು ಸಣ್ಣ ಎಳೆಯಾಗುತ್ತದೆ. ಒಳಗಿನ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಫಿಲ್ಟರ್ ಬದಲಿಸಲು ಶಾಲೆಯ ಲೆಕ್ಕದಲ್ಲಿ ಹಣವಿಲ್ಲ. ಆಡಳಿತದವರನ್ನು ಕೇಳಿದರೆ ‘ಇದು ನಮ್ಮ ಆಸ್ತಿಪಟ್ಟಿಯಲ್ಲಿಲ್ಲ’ ಎನ್ನುತ್ತಾರೆ, ಕೊಟ್ಟವರನ್ನು ಕೇಳಿದರೆ ‘ಆ ಯೋಜನೆ ಮುಗಿದಿದೆ’ ಎನ್ನುತ್ತಾರೆ. ಮಕ್ಕಳು ಮತ್ತೆ ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಾರೆ. ಇಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಕೊಡುವ ದಿನವೇ ನಿರ್ವಹಣೆ ಯಾರದು, ಎಷ್ಟು ವರ್ಷದವರೆಗೆ, ಆ ಹಣ ಯಾವ ಖಾತೆಯಿಂದ ಬರಬೇಕು ಎಂದು ಎರಡು ಪುಟದ ಒಪ್ಪಂದ ಬರೆದುಕೊಂಡಿದ್ದರೆ ಸಾಕಿತ್ತು. ಅದಕ್ಕೂ ಮೊದಲು, ಶಾಲೆಗೆ ಬೇಕಾಗಿದ್ದದ್ದು ನೀರಿನ ಘಟಕವೇ ಅಥವಾ ಬಾಗಿಲು ಮುರಿದ ಶೌಚಾಲಯದ ರಿಪೇರಿಯೇ ಎಂದು ಅಲ್ಲಿನವರನ್ನು ಕೇಳಬೇಕಿತ್ತು.

ಎಂದಿನ ವ್ಯವಹಾರದ ಮಾತಿಗೆ ಬಂದರೆ, ಸ್ಥಳೀಯ ಆಡಳಿತವು ಹಣ ಹಂಚುವ ಸಂಸ್ಥೆಯಾಗಿರುವುದಕ್ಕಿಂತ ಹೆಚ್ಚಾಗಿ ದೊಡ್ಡ ಖರೀದಿದಾರ ಎಂಬುದನ್ನು ನೆನಪಿಡಬೇಕು. ಕಾಗದ, ದೀಪ, ರಸ್ತೆಯ ಜಲ್ಲಿ, ಸ್ವಚ್ಛತೆಯ ಸೇವೆ, ಕಟ್ಟಡದ ದುರಸ್ತಿ ಎಲ್ಲವನ್ನೂ ಅದು ಕೊಳ್ಳುತ್ತದೆ. ಹೀಗೆ ಕೊಟ್ಟ ಹಣ ಎಷ್ಟು ಹೊತ್ತು ಆ ಪ್ರದೇಶದಲ್ಲಿ ಕೈಯಿಂದ ಕೈಗೆ ಓಡಾಡುತ್ತದೆ ಎಂಬುದನ್ನು ಲೆಕ್ಕ ಹಾಕಲು ಲಂಡನ್ನಿನ ನ್ಯೂ ಎಕನಾಮಿಕ್ಸ್ ಫೌಂಡೇಶನ್ ಎಂಬ ಸಂಶೋಧನಾ ಸಂಸ್ಥೆ ಒಂದು ಸರಳ ವಿಧಾನವನ್ನು ರೂಪಿಸಿತು. ಅದು ಹಣದ ಮೊದಲ ಮೂರು ಸುತ್ತುಗಳನ್ನು ಮಾತ್ರ ನೋಡುತ್ತದೆ. ಆಡಳಿತ 100 ನಾಣ್ಯ ಕೊಟ್ಟಾಗ ಪಡೆದವರು ಅದರಲ್ಲಿ 60ನ್ನು ಅಲ್ಲಿಯೇ ಖರ್ಚು ಮಾಡಿ, ಅದನ್ನು ಪಡೆದವರೂ ಅದೇ ಪ್ರಮಾಣದಲ್ಲಿ 36ನ್ನು ಅಲ್ಲಿಯೇ ಖರ್ಚು ಮಾಡಿದರೆ ಒಟ್ಟು ಚಲಾವಣೆ 196. ಪ್ರತಿ ಸುತ್ತಿನಲ್ಲೂ ಐದರಲ್ಲಿ ಒಂದು ಪಾಲು ಮಾತ್ರ ಉಳಿದರೆ 100, 20, 4 ಸೇರಿ 124. ಮೊದಲು ಕೊಟ್ಟ ಮೊತ್ತ ಎರಡೂ ಕಡೆ ಒಂದೇ, ಊರಿಗೆ ದಕ್ಕಿದ್ದು ಒಂದೇ ಅಲ್ಲ.

ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದ ಪ್ರೆಸ್ಟನ್ ನಗರ ಇದನ್ನು ಕಂಡುಕೊಂಡದ್ದು ಸಂಕಟದ ಕಾಲದಲ್ಲಿ. ನಗರದ ನಡುಭಾಗವನ್ನು ಹೊಸದಾಗಿಸಬೇಕಿದ್ದ ಬೃಹತ್ ಮಳಿಗೆ ಸಂಕೀರ್ಣದ ಯೋಜನೆ 2011ರಲ್ಲಿ ಬಿದ್ದುಹೋಯಿತು. ಅದೇ ಹೊತ್ತಿಗೆ ಸರ್ಕಾರದ ಅನುದಾನವೂ ಕುಗ್ಗುತ್ತಿತ್ತು. ಹೊರಗಿನ ಬಂಡವಾಳಕ್ಕೆ ಕಾಯುವ ಬದಲು ನಗರಾಡಳಿತವು ಕೌಂಟಿ ಆಡಳಿತ, ಪೊಲೀಸ್ ಇಲಾಖೆ, ಕಾಲೇಜುಗಳು, ವಸತಿ ಸಂಸ್ಥೆಯಂತಹ ಬೇರೂರಿದ ಸಂಸ್ಥೆಗಳೊಡನೆ ಕುಳಿತು, ತಾವೆಲ್ಲ ಈಗಾಗಲೇ ಖರ್ಚು ಮಾಡುತ್ತಿರುವ ಹಣ ಎಲ್ಲಿಗೆ ಹೋಗುತ್ತಿದೆ ಎಂದು ಬಿಲ್ಲುಗಳನ್ನು ತೆರೆದು ನೋಡಿತು. ಇಂತಹ ಸಂಸ್ಥೆಗಳನ್ನು ‘ಲಂಗರು ಸಂಸ್ಥೆ’ ಎಂದು ಕರೆಯುವುದು ವಾಡಿಕೆ. ಮಾರುಕಟ್ಟೆಯ ಗಾಳಿ ಎತ್ತ ಬೀಸಿದರೂ ಅವು ಊರು ಬಿಟ್ಟು ಹೋಗುವುದಿಲ್ಲ. 2012–13ರಲ್ಲಿ ಅವುಗಳ ಖರೀದಿಯಲ್ಲಿ ಪ್ರೆಸ್ಟನ್ ನಗರದೊಳಗೆ ಉಳಿಯುತ್ತಿದ್ದದ್ದು ಶೇಕಡಾ 5, ಲ್ಯಾಂಕಾಶೈರ್ ಒಳಗೆ ಶೇಕಡಾ 39. 2016–17ರ ಹೊತ್ತಿಗೆ ಈ ಅಂಕಿಗಳು ಕ್ರಮವಾಗಿ ಶೇಕಡಾ 18.2 ಮತ್ತು ಶೇಕಡಾ 79.2ಕ್ಕೆ ಏರಿದವು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ 2008ರಲ್ಲಿ ಆರಂಭವಾದ ಎವರ್‌ಗ್ರೀನ್ ಸಹಕಾರಿಗಳು ಪ್ರೆಸ್ಟನ್ನಿಗೆ ಸ್ಫೂರ್ತಿಯಾಗಿದ್ದವು. ಅಲ್ಲಿ ಆಸ್ಪತ್ರೆಗಳಂತಹ ದೊಡ್ಡ ಸಂಸ್ಥೆಗಳ ಬಟ್ಟೆ ಒಗೆಯುವ ಕೆಲಸವನ್ನು, ಸುತ್ತಲಿನ ಬಡ ಬಡಾವಣೆಗಳ ಕೆಲಸಗಾರರೇ ಒಡೆಯರಾಗಿರುವ ಲಾಂಡ್ರಿ ವಹಿಸಿಕೊಂಡಿತು.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ‘ನಮ್ಮವರಿಗೇ ಕೊಡಿ’ ಎಂಬುದು ಕೇಳಲು ಹಿತವಾಗಿದ್ದರೂ ಅದು ಸುಲಭವಾಗಿ ‘ನನ್ನವನಿಗೇ ಕೊಡಿ’ ಎಂದು ಬದಲಾಗುತ್ತದೆ. ಸ್ಥಳೀಯರು ಎಂಬ ಒಂದೇ ಕಾರಣಕ್ಕೆ ಕಳಪೆ ಕೆಲಸವನ್ನು ಒಪ್ಪಿಕೊಂಡರೆ ಅದರ ಬೆಲೆಯನ್ನು ತೆರುವವರು ಅದೇ ಸ್ಥಳೀಯ ತೆರಿಗೆದಾರರು. ಪ್ರೆಸ್ಟನ್ನಿನ ಪಾಠ ಅದಲ್ಲ. ಹೊರಗಿನವರನ್ನು ತಡೆಯಲು ಖರೀದಿ ನಿಯಮಗಳೂ ಅವಕಾಶ ಕೊಡುತ್ತಿರಲಿಲ್ಲ. ಅಲ್ಲಿ ಮಾಡಿದ್ದು ಒಂದೇ ದೊಡ್ಡ ಗುತ್ತಿಗೆಯನ್ನು ಸಣ್ಣ ಸಂಸ್ಥೆಗಳು ನಿಭಾಯಿಸಬಲ್ಲ ಭಾಗಗಳಾಗಿ ಒಡೆಯುವುದು, ಟೆಂಡರ್ ಬರುವ ಮೊದಲೇ ಸುತ್ತಮುತ್ತಲಿನ ಪೂರೈಕೆದಾರರಿಗೆ ಅದರ ಸುದ್ದಿ ಮುಟ್ಟಿಸುವುದು ಮುಂತಾದ ಕೆಲಸಗಳನ್ನು. ಸ್ಪರ್ಧೆ ಉಳಿಯಿತು, ಸ್ಪರ್ಧಿಸುವವರ ಸಂಖ್ಯೆ ಹೆಚ್ಚಿತು. ಬ್ರಿಟನ್ನಿನ 2012ರ ಸಾಮಾಜಿಕ ಮೌಲ್ಯ ಕಾಯ್ದೆಯೂ ಇದೇ ಹಾದಿಯದು. ಸಾರ್ವಜನಿಕ ಸಂಸ್ಥೆಗಳು ಸೇವೆಗಳನ್ನು ಕೊಳ್ಳುವಾಗ ಆ ಪ್ರದೇಶದ ಆರ್ಥಿಕ, ಸಾಮಾಜಿಕ ಮತ್ತು ಪರಿಸರದ ಹಿತ ಹೇಗೆ ಹೆಚ್ಚೀತೆಂದು ಮೊದಲೇ ಯೋಚಿಸಬೇಕೆಂದು ಅದು ಹೇಳುತ್ತದೆ.

ಸಣ್ಣ ಉದ್ದಿಮೆಗೆ ಆಡಳಿತ ಮಾಡಬಹುದಾದ ಅತಿ ದೊಡ್ಡ ಉಪಕಾರ ಬಿಲ್ಲನ್ನು ಹೊತ್ತಿಗೆ ಸರಿಯಾಗಿ ಪಾವತಿಸುವುದು. ಚರಂಡಿ ದುರಸ್ತಿ ಮಾಡಿದ ಸಣ್ಣ ಗುತ್ತಿಗೆದಾರನೊಬ್ಬನ ಬಿಲ್ಲು ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಸಾಗುವುದನ್ನು ಊಹಿಸಿಕೊಳ್ಳಿ. ಅಳತೆ ಪುಸ್ತಕದಲ್ಲಿ ಒಂದು ಸಹಿ ಬಾಕಿ, ಸಹಿ ಮಾಡಬೇಕಾದವರು ರಜೆಯಲ್ಲಿ, ಅವರು ಬರುವಷ್ಟರಲ್ಲಿ ಆರ್ಥಿಕ ವರ್ಷ ಮುಗಿದು ಕಡತ ಹೊಸದಾಗಿ ಶುರು. ಅಷ್ಟರಲ್ಲಿ ಆತ ತನ್ನ ಕೆಲಸಗಾರರಿಗೆ ವಾರಕ್ಕೊಮ್ಮೆ ಕೂಲಿ ಕೊಟ್ಟಾಗಿದೆ, ಸಿಮೆಂಟಿನ ಅಂಗಡಿಗೆ ಸಾಲ ತೀರಿಸಬೇಕಾಗಿದೆ. ಅವನ ಬಡ್ಡಿ ದಿನದಿನಕ್ಕೆ ಬೆಳೆಯುತ್ತದೆ, ಬರಬೇಕಾದ ಹಣ ಮಾತ್ರ ಬೆಳೆಯುವುದಿಲ್ಲ. ದೊಡ್ಡ ಕಂಪನಿ ಈ ವಿಳಂಬವನ್ನು ತಾಳಿಕೊಳ್ಳಬಲ್ಲದು, ಸಣ್ಣವನು ಮುಂದಿನ ಟೆಂಡರಿಗೆ ಬರುವುದನ್ನೇ ಬಿಡುತ್ತಾನೆ. ಐರೋಪ್ಯ ಒಕ್ಕೂಟದ 2011ರ ನಿರ್ದೇಶನದ ಪ್ರಕಾರ ಸಾರ್ವಜನಿಕ ಸಂಸ್ಥೆಗಳು ಸಾಮಾನ್ಯವಾಗಿ 30 ದಿನಗಳೊಳಗೆ ಹಣ ಪಾವತಿಸಬೇಕು. ಭಾರತದ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆ ಸೂಕ್ಷ್ಮ ಮತ್ತು ಸಣ್ಣ ಪೂರೈಕೆದಾರರಿಗೆ ಗರಿಷ್ಠ 45 ದಿನಗಳ ಗಡುವು ವಿಧಿಸಿ, ಮೀರಿದರೆ ಬಡ್ಡಿಯನ್ನೂ ಹೇರುತ್ತದೆ. ಇದೇ ಹೊಣೆ ದೊಡ್ಡ ಉದ್ದಿಮೆಗಳ ಮೇಲೂ ಇದೆ. ತನಗೆ ಸರಕು ಪೂರೈಸುವ ಸಣ್ಣವರ ಹಣವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡು ಅದೇ ಊರಿನ ಕ್ರೀಡಾಕೂಟಕ್ಕೆ ಪ್ರಾಯೋಜಕತ್ವ ನೀಡುವ ಉದ್ದಿಮೆಯನ್ನು ಹೊಣೆಗಾರ ಎನ್ನಲಾಗದು.

ಜನರನ್ನು ಕೇಳಬೇಕು ಎಂದಾಗ ಎಲ್ಲರೂ ಒಪ್ಪುತ್ತಾರೆ, ಕೇಳುವ ಬಗೆಯಲ್ಲಿ ತೊಡಕಿದೆ. ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಜನರನ್ನು ಒಲಿಸಿಕೊಳ್ಳುವುದಷ್ಟೇ ಉದ್ದೇಶ. ಮಾಹಿತಿ ನೀಡುವುದು, ಅಭಿಪ್ರಾಯ ಕೇಳುವುದು ನಡುವಿನವು. ಮೇಲಿನ ಮೂರರಲ್ಲಿ ಮಾತ್ರ ತೀರ್ಮಾನಿಸುವ ಅಧಿಕಾರ ಜನರ ಕೈಗೆ ಬರುತ್ತದೆ. ಕೆಲಸದ ದಿನ ಹನ್ನೊಂದು ಗಂಟೆಗೆ ಸಭೆ ಕರೆದು, ನೋಟಿಸನ್ನು ಕಚೇರಿಯ ಫಲಕಕ್ಕೆ ಮಾತ್ರ ಅಂಟಿಸಿ, ಬಂದ ಕೆಲವೇ ಜನರ ಸಹಿಯನ್ನು ಒಪ್ಪಿಗೆಯೆಂದು ದಾಖಲಿಸುವ ಕ್ರಮ ಆ ಏಣಿಯ ಬುಡದಲ್ಲೇ ಉಳಿಯುತ್ತದೆ. ಬ್ರೆಜಿಲ್‌ನ ಪೋರ್ತೊ ಅಲೆಗ್ರೆ ನಗರ 1989ರಲ್ಲಿ ಬೇರೆ ದಾರಿ ಹಿಡಿಯಿತು. ನಗರದ ಹೂಡಿಕೆಯ ಹಣ ಯಾವ ಕೆಲಸಕ್ಕೆ ಮೊದಲು ಹೋಗಬೇಕೆಂದು ಪ್ರದೇಶವಾರು ಸಭೆಗಳಲ್ಲಿ ನಿವಾಸಿಗಳೇ ಚರ್ಚಿಸಿ, ತಮ್ಮ ಪ್ರತಿನಿಧಿಗಳನ್ನು ಆರಿಸಿ ಕಳುಹಿಸಿದರು. ಸಹಭಾಗಿ ಬಜೆಟ್ ಎಂದು ಹೆಸರಾದ ಈ ಪದ್ಧತಿ ಅಲ್ಲಿಂದ ಹಲವು ಖಂಡಗಳಿಗೆ ಹರಡಿತು. ಅದರ ತಿರುಳು ಸಭೆಗಿಂತಲೂ ಸಭೆಯ ಮಾತಿಗೆ ಹಣ ಕಟ್ಟುಬಿದ್ದಿರುವುದರಲ್ಲಿದೆ.

ಉದ್ದಿಮೆ ಮತ್ತು ಆಡಳಿತ ಕೈಜೋಡಿಸಿದಾಗ ಹೊಣೆ ಎರಡರಷ್ಟಾಗುತ್ತದೆ. ಉದ್ಯಾನವನ್ನು ದತ್ತು ಪಡೆದ ಸಂಸ್ಥೆಗೆ ಅಲ್ಲಿ ಫಲಕ ಹಾಕುವ ಹಕ್ಕು ಇರಬಹುದು, ಪ್ರವೇಶಕ್ಕೆ ಶುಲ್ಕ ವಿಧಿಸುವ ಹಕ್ಕು ಇರಲಾರದು. ಅದು ಎಂದಿಗೂ ಸಾರ್ವಜನಿಕರ ಆಸ್ತಿ. ಅನುಮತಿಗಾಗಿ ಅರ್ಜಿ ಹಾಕಿರುವ ಉದ್ದಿಮೆಯಿಂದಲೇ ಅನುಮತಿ ನೀಡಬೇಕಾದ ಆಡಳಿತವು ದೇಣಿಗೆ ಸ್ವೀಕರಿಸುವುದು, ಆ ಹಣ ಎಷ್ಟೇ ಒಳ್ಳೆಯ ಕೆಲಸಕ್ಕೆ ಹೋದರೂ, ತಪ್ಪು. ಯಾರು ಎಷ್ಟು ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು, ಹಣ ಎಲ್ಲಿ ಖರ್ಚಾಯಿತು ಎಂಬುದು ಕೇಳದೆಯೇ ಎಲ್ಲರಿಗೂ ಸಿಗುವಂತಿದ್ದರೆ ಅರ್ಧದಷ್ಟು ಅನುಮಾನಗಳು ಹುಟ್ಟುವುದೇ ಇಲ್ಲ.

ಉದ್ದಿಮೆಯೊಂದು ಊರು ಬಿಟ್ಟು ಹೋಗುವ ದಿನವೂ ಈ ಪದದ ವ್ಯಾಪ್ತಿಯೊಳಗೇ ಬರುತ್ತದೆ, ಚರ್ಚೆಗೆ ಬರುವುದು ಮಾತ್ರ ಕಡಿಮೆ. ನಷ್ಟವಾದ ಘಟಕವನ್ನು ಮುಚ್ಚುವುದು ತಪ್ಪಲ್ಲ. ಆದರೆ ಮುಚ್ಚುವ ಸುದ್ದಿ ಕೆಲಸಗಾರರಿಗೆ ಗೇಟಿನ ಮೇಲಿನ ಚೀಟಿಯಿಂದ ತಿಳಿಯಬಾರದು. ಎಷ್ಟು ತಿಂಗಳ ಮುನ್ಸೂಚನೆ ಸಿಗುತ್ತದೆ, ಬಾಕಿ ವೇತನ ಮತ್ತು ಪೂರೈಕೆದಾರರ ಹಣ ಯಾವಾಗ ಕೈಸೇರುತ್ತದೆ, ರಾಸಾಯನಿಕ ಇಂಗಿದ ನೆಲವನ್ನು ಶುಚಿಗೊಳಿಸುವ ಖರ್ಚು ಯಾರದು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಆ ಉದ್ದಿಮೆಗೆ ಜಾಗ ಕೊಟ್ಟ ದಿನವೇ ಆಡಳಿತ ಕರಾರಿನಲ್ಲಿ ಬರೆಸಿಕೊಂಡಿರಬೇಕು, ಶುಚಿಗೊಳಿಸುವ ವೆಚ್ಚಕ್ಕೆ ಠೇವಣಿಯನ್ನೂ ಇರಿಸಿಕೊಂಡಿರಬೇಕು.